ಅಪ್ಪ ತಂದ ಹೂವಿನ ಕಾಗದ

ಆಗೆಲ್ಲ ನಮ್ಮ ಬೂದಿಕೋಟೆ ಕಡೆ ಗಾರೆ ಗೋಡೆ ಅಂದರೆ ಸಾಹುಕಾರರ ಮನೆ ಅಂತಲೇ ಲೆಕ್ಕ. ಉಳಿದವರದ್ದು ಮಣ್ಣಿನ ಗೋಡೆ. ನೆಂಟರು ಬರುವ ಮುಂಚೆ ಕೆಮ್ಮಣ್ಣು, ಸಗಣಿ ಕಲಸಿ ಬಳಿದರೆ ಮನೆಯೆಲ್ಲ ಹಸಿ ವಾಸನೆ. ನನಗಂತೂ ಆ ವಾಸನೆ ಬಂದರೆ ಒಬ್ಬಟ್ಟು ನೆನಪಾಗುತ್ತಿತ್ತು.

ಅಪ್ಪ ನಂದಿದುರ್ಗ ಚಿನ್ನದ ಗಣಿಯ ಬಿಳಿ ದೊರೆಯೊಬ್ಬರ ಬಂಗಲೆಯಲ್ಲಿ ತೋಟದ ಕೆಲಸ ಮಾಡುತ್ತಿದ್ದರು. ಅಲ್ಲಿ ಗೋಡೆಗೆ ಅಂಟಿಸಿದ್ದ ಹೂವಿನ ಕಾಗದ ಅವರ ಕಣ್ಣಿಗೆ ಬಿದ್ದಿತ್ತು. ಅಕ್ಕನನ್ನು ನೋಡಲು ಗಂಡಿನವರು ಬರುತ್ತಾರೆ ಅಂದದ್ದೇ ತಡ, ನನ್ನನ್ನೂ ಕರೆದುಕೊಂಡು ಬಂಗಾರಪೇಟೆಗೆ ಹೊರಟರು.

ಅಂಗಡಿಯ ಶೆಟ್ಟರು ಎರಡು ಸುರುಳಿ ಬಿಚ್ಚಿದರು. ಒಂದರ ಬೆನ್ನಿಗೆ ತೆಳು ಬಟ್ಟೆ, ಇನ್ನೊಂದು ಬರೀ ಕಾಗದ.

"ನಿಮ್ದು ಎಂಥಾ ಗೋಡೆ? ಮಣ್ಣಿಂದಾದ್ರೆ ಬಟ್ಟೆ ಇರೋದೇ ತಗಳ್ಳಿ, ಗೋಡೆ ಒಣಗಿದ್ಮೇಲೆ ಸಣ್ಣ ಮೊಳೆ ಹೊಡೀರಿ. ಬರೀ ಕಾಗದ ಗಾರೆ ಗೋಡೆಗೆ ಮಾತ್ರ. ತ್ಯಾವ ಹೀರ್ಕಂಡ್ರೆ ಕಳಚ್ಕಂಡು ಬೀಳ್ತದೆ."

ಪಕ್ಕದಲ್ಲಿ ಕೋರಮಂಡಲ್ ಗಣಿಯ ಗುಮಾಸ್ತರು ಕೋಟು ಹಾಕಿಕೊಂಡು ನಿಂತಿದ್ದರು. ಅಪ್ಪ ಅವರ ಕಡೆ ನೋಡಿ, "ಗಾರೆ ಗೋಡೆನೇ ಸ್ವಾಮಿ" ಅಂದುಬಿಟ್ಟರು. ನಾನು ಬಾಯಿ ತೆರೆದೆ. ಅಪ್ಪ ನನ್ನ ಕೈ ಹಿಚುಕಿದರು. ನಾಚಿಕೆಯಿಂದ ನನ್ನ ಕಿವಿಯೆಲ್ಲ ಬಿಸಿಯಾಯಿತು.

ಬರೀ ಕಾಗದದ ಸುರುಳಿ ಹಿಡಿದು ಮನೆಗೆ ಬಂದರೆ ಅಮ್ಮ ಆಗ ತಾನೇ ಗೋಡೆ ಬಳಿದು ಮುಗಿಸಿದ್ದಳು. "ಅಯ್ಯೋ, ಇನ್ನೂ ಅಸಿ ಐತಲ್ಲ!" ಅಂದಳು. ನಾಳೆಯೇ ಗಂಡಿನವರು. ಅಪ್ಪ ಯಾರ ಮಾತೂ ಕೇಳದೆ ಅಕ್ಕಿ ಗಂಜಿ ಬಳಿದು ಅಂಟಿಸಿಯೇಬಿಟ್ಟರು.

ಮಾರನೆಯ ದಿನ ಅಕ್ಕ ಪಾನಕ ತರುವುದಕ್ಕೂ, ಕಾಗದ ಮೇಲಿಂದ ಸುಲಿದುಕೊಂಡು ಮಣ್ಣಿನ ಸಮೇತ ಗಂಡಿನ ತಾಯಿಯ ಹೆಗಲ ಮೇಲೆ ಬೀಳುವುದಕ್ಕೂ ಸರಿಹೋಯಿತು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು ನನಗೆ. ಅಕ್ಕ ಪಾನಕ ಅಲ್ಲೇ ಇಟ್ಟು ಒಳಗೆ ಓಡಿದಳು.

ಅಪ್ಪ ಕೈಮುಗಿದರು. "ಮಣ್ಣಿನ್ ಗೋಡೆ ತಾಯೀ... ನಾಚ್ಕೆಗೆ ಮುಚ್ಚಿದ್ದೆ."

ಆಕೆ ಸೀರೆ ಕೊಡವಿಕೊಂಡು ಗೋಡೆ ನೋಡಿದರು. "ನಮ್ದೂ ಮಣ್ಣಿಂದೇ ಕಣಣ್ಣ. ಈ ಕಾಗ್ದ ನೋಡಿ, ಈ ಎಣ್ಣು ನಮ್ಮನೆ ಗೋಡೆ ಬಳೀತಾಳಾ, ಎದ್ದೋಗಾನಾ ಅನ್ಕಂಡಿದ್ದೆ" ಅಂದರು.

ಸಂಬಂಧವೇನೋ ಕೂಡಿತು. ಆದರೆ ಅಪ್ಪನಿಗೆ ಆ ನಾಚಿಕೆ ಕೊನೆಯವರೆಗೂ ಹೋಗಲಿಲ್ಲ. ಅಕ್ಕನ ಮನೆಗೆ ಹೋದಾಗಲೆಲ್ಲ ಬೀಗಿತ್ತಿಗೆ ಮುಖ ತೋರಿಸಲಾರದೆ ಜಗುಲಿಯಲ್ಲೇ ಕೂತು ಎದ್ದು ಬರುತ್ತಿದ್ದರು.

ಈಗ ನಮ್ಮ ಬೀದಿಯಲ್ಲಿ ಹುಡುಕಿದರೂ ಮಣ್ಣಿನ ಗೋಡೆ ಸಿಗದು. ನಾಚಿಕೆಗಳು ಮಾತ್ರ ಒಬ್ಬೊಬ್ಬರ ಮನೆಯಲ್ಲೂ ಹಾಗೇ ಇವೆ. ಅವನ್ನು ನೋಡಿಯೂ "ನಮ್ದೂ ಅದೇ ಕಣಣ್ಣ" ಅನ್ನುವ ಹೆಂಗಸರು ಎಲ್ಲಿ ಹೋದರೋ, ಕಾಣೆ.