ಐದು ಜನರಿಗೆ ಒಂದೇ ಪಾಸ್‌ವರ್ಡ್

ಹಿರಿಯೂರಿನಲ್ಲಿ ಬಾಡಿಗೆ ಮನೆ ಹಿಡಿದ ಮೊದಲ ವಾರವೇ ನಾನೊಂದು ಅಪರಾಧ ಮಾಡಿದೆ: ಬಾಗಿಲಿಗೆ ಬೀಗ ಹಾಕಿ ಬೀಗದ ಕೈಯನ್ನು ಜೊತೆಯಲ್ಲೇ ಒಯ್ದೆ. ಸಂಜೆ ಮರಳಿದಾಗ ಮನೆಯೊಡತಿ ತಿಪ್ಪಮ್ಮ ಮುಖ ಊದಿಸಿಕೊಂಡು ಜಗಲಿಯಲ್ಲಿ ಕುಳಿತಿದ್ದರು. "ಬೀಗದ್ಕೈ ಎತ್ಕಂಡ್ ಹೋಗೀರಲ್ಲಮ್ಮ, ನಾವೇನ್ ಕಳ್ರಾ?"

ಉಡುಪಿಯಲ್ಲಿ ನನ್ನ ಅಮ್ಮ ಸಕ್ಕರೆಯ ಕಪಾಟಿಗೂ ಬೀಗ ಹಾಕುತ್ತಿದ್ದರು. ಇಲ್ಲಿ ಬೀಗದ ಕೈಯನ್ನು ಪಕ್ಕದ ಮನೆಗೆ ಕೊಟ್ಟು ಹೋಗುವುದೇ ನೆರೆತನ. ನಾನು ಅದನ್ನು ಕಲಿತೆ. ಮುದ್ದೆಯನ್ನು ಅಗಿಯದೆ ನುಂಗುವುದನ್ನೂ ಕಲಿತೆ. 'ಉಂಟು' ಎಂದಾಗಲೆಲ್ಲ ಬೀದಿಯ ಮಕ್ಕಳು ನಗುತ್ತಿದ್ದರಿಂದ, ಇದೆ ಎನ್ನಲು ಇಲ್ಲಿಯವರಂತೆ 'ಐತೆ' ಎನ್ನತೊಡಗಿದೆ. ಅಷ್ಟೊಂದು ಒಂಟಿಯಾಗಿದ್ದೆ.

ನಾನು ಬಂದದ್ದು ಕಂಬಳಿ ನೇಯುವ ಹೆಂಗಸರ ಸಂಘವೊಂದರ ಕೆಲಸಕ್ಕೆ. ಎರಡು ಸಾವಿರದ ಒಂಬತ್ತರಲ್ಲಿ ಸಂಘದ ಲೆಕ್ಕವನ್ನು ಇಂಟರ್ನೆಟ್ಟಿನ ತಂತ್ರಾಂಶಕ್ಕೆ ಏರಿಸಿದೆವು. ಲೆಕ್ಕ ಬರೆಯುವ ರತ್ನಮ್ಮ ಧರ್ಮಪುರದವಳು. ಹಾಸಿಗೆ ಹಿಡಿದ ಅತ್ತೆಯನ್ನು ಬಿಟ್ಟು ದಿನವೂ ಬಸ್ಸು ಹತ್ತಲಾರಳು. ಈಗ ತನ್ನೂರಿನ ಕಂಪ್ಯೂಟರ್ ಅಂಗಡಿಯಲ್ಲಿ ಕುಳಿತೇ ಬರೆಯಬಹುದಿತ್ತು. ಆ ಸಂಬಳದಲ್ಲೇ ಅವಳ ಮನೆ ನಡೆಯುತ್ತಿತ್ತು.

ತಂತ್ರಾಂಶದಲ್ಲಿ ಪ್ರತಿಯೊಬ್ಬರಿಗೂ ಬೇರೆ ಹೆಸರು, ಬೇರೆ ಪಾಸ್‌ವರ್ಡ್ ಕೊಡುವ ಅನುಕೂಲವಿತ್ತು. ರತ್ನಮ್ಮ ಬರೆಯಬಹುದು, ಅಳಿಸಲಾಗದು ಎಂದು ಮಿತಿ ಹಾಕಬಹುದಿತ್ತು. ಯಾರು ಏನು ಮಾಡಿದರೆಂಬ ದಾಖಲೆಯೂ ಉಳಿಯುತ್ತಿತ್ತು. ಹೀಗೇ ಮಾಡೋಣವೆಂದೆ.

ಸಂಘ ಹೆಂಗಸರದ್ದಾದರೂ ಅಧ್ಯಕ್ಷತೆ ಕರಿಯಣ್ಣನವರದು. ಅದು ಮೊದಲನೆಯ ಅನ್ಯಾಯ. ಅವರು ನಕ್ಕರು: "ಒಂದೇ ಮನಿಗೆ ಎಷ್ಟ್ ಬೀಗ ಹಾಕ್ತೀರಿ ಅಕ್ಕಾರೆ? ನಮ್ಮೇಲೆ ನಂಬ್ಕಿ ಇಲ್ಲೇನು? ನಂದೇ ಎಲ್ರಿಗೂ ಕೊಟ್‌ಬಿಡ್ರಿ, ಅತ್ಲಾಗೆ."

ತಿಪ್ಪಮ್ಮನ ಮುಖ ನೆನಪಾಯಿತು. ಮತ್ತೊಮ್ಮೆ ಪರಕೀಯಳಾಗಲು ಮನಸ್ಸಾಗಲಿಲ್ಲ. ಅಧ್ಯಕ್ಷರ ಹೆಸರು, ಅಧ್ಯಕ್ಷರ ಪಾಸ್‌ವರ್ಡ್‌ಗಳನ್ನೇ ಸಮಿತಿಯ ಮೂವರಿಗೂ ರತ್ನಮ್ಮನಿಗೂ ನಾನೇ ಹಂಚಿದೆ. ಇದು ಎರಡನೆಯ ಅನ್ಯಾಯ, ಮಾಡಿದವಳು ನಾನು.

ಎರಡು ತಿಂಗಳಲ್ಲಿ, ಹನ್ನೊಂದು ಮಂದಿ ಹೆಂಗಸರ ಕೂಲಿಯ ಬರಹ ಪುಟದಿಂದ ಮಾಯವಾಗಿತ್ತು. ದಾಖಲೆ ತೆರೆದರೆ ಉದ್ದಕ್ಕೂ ಒಂದೇ ಹೆಸರು, ಅಧ್ಯಕ್ಷರದು. ಬೇಕೆಂದು ಅಳಿಸಿದರೋ, ತಿಳಿಯದೆ ಒತ್ತಿದರೋ, ಐವರಲ್ಲಿ ಯಾರೋ, ಇಂದಿಗೂ ಗೊತ್ತಿಲ್ಲ. ಆದರೆ ಎಲ್ಲರ ಬೆರಳೂ ಕಣ್ಣೆದುರು ಇಲ್ಲದವಳ ಕಡೆಗೇ ತಿರುಗಿತು.

ಸಭೆಗೆ ರತ್ನಮ್ಮ ಬಸ್ಸಿನಲ್ಲಿ ಬಂದಳು. ಕುಳಿತುಕೋ ಎಂದು ಯಾರೂ ಹೇಳಲಿಲ್ಲ. "ನನ್ ಹೆಸ್ರು ಅದ್ರಾಗೆ ಎಲ್ಲೂ ಇಲ್ಲಲ್ರಿ. ನಾನ್ ಅಳ್ಸಿಲ್ಲ ಅಂತ ಯಾತ್ರಾಗೆ ತೋರ್ಸ್ಲಿ?" ಎಂದಳು.

"ಓದ್ದೋಳಲ್ಲೇನಮ್ಮ, ಮಾತು ಬಲ್ಲೆ," ಎಂದರು ಕರಿಯಣ್ಣ.

ಸಮಿತಿಯವರ ಸಾಲಿನಲ್ಲಿ ಕುಳಿತಿದ್ದ ನಾನು ಬಾಯಿ ತೆರೆದೆ. "ಅಕ್ಕಾರೆ, ನೀವ್ ಹೊರಗ್ನೋರು. ಸುಮ್ಕಿರ್ರಿ," ಎಂದರು. ಸುಮ್ಮನಾದೆ. ಮೂರನೆಯ ಅನ್ಯಾಯವೂ ನನ್ನದೇ. ಅಂದೇ ಅವಳ ಕೆಲಸ ಹೋಯಿತು.

ಮಾರನೆಯ ವಾರ ಜಗಳವಾಡಿ ಪ್ರತಿಯೊಬ್ಬರಿಗೂ ಬೇರೆ ಪಾಸ್‌ವರ್ಡ್ ಮಾಡಿಸಿದೆ. ಹೊಸ ಲೆಕ್ಕಿಗ ಅಳಿಸಲಾರ. ಅವನನ್ನು ಸುಳ್ಳೇ ದೂರಲೂ ಆಗದು. ಇದನ್ನು ಗೆಲುವೆನ್ನಲು ನಾಚಿಕೆಯಾಗುತ್ತದೆ.

ಅದನ್ನು ಹೇಳಲೆಂದೇ ಧರ್ಮಪುರಕ್ಕೆ ಹೋದೆ. ರತ್ನಮ್ಮ ಮನೆಯ ಮುಂದೆ ಕುಳಿತು ಯಾರದೋ ಹೊಲದ ಶೇಂಗಾವನ್ನು ಕೂಲಿಗೆ ಬಿಡಿಸುತ್ತಿದ್ದಳು. "ಕುಂತ್ಕಳ್ರಿ," ಎಂದು ಚಾಪೆ ಹಾಸಿ, ನೀರು ಕೊಟ್ಟಳು. ಕ್ಷಮೆ ಕೇಳಿದೆ, ನಾನು ಹೊರಗಿನವಳು, ನನ್ನ ಮಾತು ನಡೆಯಲಿಲ್ಲ ಎಂದೆ.

ಅವಳು ಬಿಡಿಸಿದ ಕಾಯಿಗಳನ್ನು ಮೊರಕ್ಕೆ ಹಾಕಿ, ಮತ್ತೊಂದು ಗಿಡ ಎತ್ತಿಕೊಂಡಳು.

"ನೀವೆಲ್ಲಿ ಹೊರಗ್ನೋರ್ರೀ?" ಎಂದಳು, ತಲೆಯೆತ್ತದೆ. "ಅವತ್ತು ಅವ್ರ ಸಾಲ್ನಾಗೇ ಕುಂತಿದ್ರಲ್ಲ. ನೀವು ಆಗ್ಲೇ ನಮ್ಮೂರೋರ್ ಆಗೀರಿ."

ಈ ಸೀಮೆಗೆ ಬಂದಾಗಿನಿಂದ ಆ ಮಾತಿಗಾಗಿ ಹಂಬಲಿಸಿದ್ದೆ. ಅದನ್ನು ನನಗೆ ಹೇಳಿದವಳು ಅವಳೊಬ್ಬಳೇ.