ನಂದಿತಾ ಮೇಡಂ ನೋಡಿದ ತರಗತಿಗಳು

ಚಾಮರಾಜಪೇಟೆಯ ನಂದಿತಾಗೆ ಇಂಜಿನಿಯರ್ ಆಗುವ ಆಸೆಯಿತ್ತು. ಅದಕ್ಕೆ ಕಲ್ಲು ಬಿದ್ದದ್ದು ಪಿಯುಸಿಯ ಗಣಿತದ ತರಗತಿಯಲ್ಲಿ. ಮೇಷ್ಟ್ರು ಬೋರ್ಡಿನ ತುಂಬ ಬರೆದು, ತಿರುಗಿ, "ಅರ್ಥ ಆಯ್ತಾ?" ಅನ್ನುತ್ತಿದ್ದರು. ಇಡೀ ತರಗತಿ ಒಂದೇ ದನಿಯಲ್ಲಿ "ಆಯ್ತು ಸಾರ್" ಅನ್ನುತ್ತಿತ್ತು. ತಲೆಬುಡ ತಿಳಿಯದ ನಂದಿತಾಳೂ ಅನ್ನುತ್ತಿದ್ದಳು. ಇಲ್ಲ ಅಂದರೆ ನಮ್ಮಲ್ಲಿ ಮೇಷ್ಟ್ರಿಗೆ ಎದುರಾಡಿದ ಹಾಗಲ್ಲವೇ! ಗಣಿತದಲ್ಲಿ ನಪಾಸಾಗಿ, ಮನೆಯವರ ಬೈಗುಳ ತಿಂದು, ಕೊನೆಗೆ ಮನಶ್ಶಾಸ್ತ್ರಕ್ಕೆ ಸೇರಿದಳು.

ಆ "ಆಯ್ತು ಸಾರ್" ಮಾತ್ರ ಬೆನ್ನು ಬಿಡಲಿಲ್ಲ. ಮುಂದೆ ನಂದಿತಾ ಮೇಡಂ ಡಾಕ್ಟರೇಟಿಗೂ ಅದನ್ನೇ ವಿಷಯವಾಗಿ ಹಿಡಿದರು. ಬಸವನಗುಡಿಯ ಒಂದು ಇಂಜಿನಿಯರಿಂಗ್ ಕಾಲೇಜಿಗೆ ಪಾಠ ಹೇಳುವ ರೀತಿ ಸುಧಾರಿಸುವ ಕೆಲಸಕ್ಕೆ ಬಂದಾಗ ಹುಚ್ಚರ ಡಾಕ್ಟರು ಬಂದರು ಎಂದು ಕೆಲವರು ನಕ್ಕರು. ನಕ್ಕವರ ತರಗತಿಗಳಲ್ಲೇ ಹಿಂದಿನ ಬೆಂಚಿನಲ್ಲಿ ಕೂತು ಕೂತು, ಅವರೊಂದು ದಾರಿ ಕಂಡುಕೊಂಡರು. ಅರ್ಥ ಆಯ್ತಾ ಎಂದು ಕೇಳಲೇಬಾರದು. ಒಂದು ಪ್ರಶ್ನೆ ಕೊಟ್ಟು, ಪಕ್ಕದವರ ಜೊತೆ ಕನ್ನಡದಲ್ಲೋ ತೆಲುಗಿನಲ್ಲೋ ಜಗಳವಾಡಲು ಬಿಡಬೇಕು. ತಪ್ಪು ಉತ್ತರವನ್ನೂ ಬೋರ್ಡಿನ ಮೇಲೆ ಬರೆದು ಎಲ್ಲರೂ ಸೇರಿ ತಿದ್ದಬೇಕು.

ಇದನ್ನು ಮೇಷ್ಟ್ರುಗಳಿಗೆ ಕಲಿಸಿ, ಫಲವನ್ನು ನೋಡಲು ತರಗತಿಗಳಿಗೆ ಹೋದರು. ಹೇಳದೆ ಕೇಳದೆ ನುಗ್ಗುವ ಜಾಯಮಾನ ಅವರದಲ್ಲ. ಪ್ರತಿ ಸಲವೂ ಹಿಂದಿನ ದಿನವೇ ಸ್ಟಾಫ್ ರೂಮಿಗೆ ಹೋಗಿ, "ನಾಳೆ ನಿಮ್ಮ ಕ್ಲಾಸಿಗೆ ಬರ್ಲಾ ಸರ್?" ಎಂದು ಕೇಳುತ್ತಿದ್ದರು. "ಅಯ್ಯೋ, ಧಾರಾಳವಾಗಿ ಬನ್ನಿ ಮೇಡಂ!" ಹೋದರೆ ಏನು ಹೇಳಲಿ, ಕೈಗಳು ಮೇಲಿಂದ ಮೇಲೆ ಏಳುತ್ತಿದ್ದವು. ಒಂದು ದಿನ ಶರಣ್ ಎಂಬ ಹುಡುಗ ಎದ್ದು ತಪ್ಪು ಉತ್ತರ ಹೇಳಿ, ನಾಚದೆ, ತಾನೇ ತಿದ್ದಿಕೊಂಡ. ಮನೆಗೆ ಹೋಗಿ ನಂದಿತಾ ಸಂತೋಷಕ್ಕೆ ಅತ್ತುಬಿಟ್ಟಿದ್ದರು. ಆ ಹುಡುಗನ ಧೈರ್ಯ ಅವರ ಎಲ್ಲ ಲೇಖನಗಳಲ್ಲೂ ಬಂತು.

ನಿವೃತ್ತಿ ಹತ್ತಿರ ಬಂದಿತ್ತು. ಈ ಪದ್ಧತಿಯನ್ನು ಬೇರೆ ಕಾಲೇಜುಗಳಿಗೂ ತರುವುದೆಂದು ತೀರ್ಮಾನವಾಗಿತ್ತು. ತನ್ನಂತೆ ಇನ್ನೊಬ್ಬಳು ಬಾಯಿಮುಚ್ಚಿಕೊಂಡು ಸೋಲದಿದ್ದರೆ ಸಾಕು, ಬದುಕಿದ್ದೂ ಸಾರ್ಥಕ ಅಂದುಕೊಂಡಿದ್ದರು.

ವಿಶ್ವೇಶ್ವರಪುರದ ತಿಂಡಿ ಬೀದಿಯಲ್ಲಿ ಒಂದು ಸಂಜೆ ಶರಣ್ ಸಿಕ್ಕಿದ. ಈಗ ಅವನೂ ಲೆಕ್ಚರರ್. ಬಲವಂತ ಮಾಡಿ ಹೋಳಿಗೆ ಕೊಡಿಸಿ, ಹಳೆಯ ನೆನಪು ತೆಗೆದು ನಕ್ಕ.

"ನೀವು ಬರೋ ಹಿಂದಿನ ದಿನ ನಮಗೆ ಫುಲ್ ರಿಹರ್ಸಲ್ ಮೇಡಂ! ತಪ್ಪು ಉತ್ತರ ಹೇಳೋ ಪಾರ್ಟು ನಂದು. ನಾಚ್ಕೋಬೇಡ, ಜೋರಾಗಿ ಹೇಳು ಅಂತ ಸಾರ್ ಬಾಯಿಪಾಠ ಮಾಡ್ಸಿದ್ರು."

"ಬೇರೆ ದಿನ?"

"ಬೇರೆ ದಿನ ಮಾಮೂಲಿ. ನಿಮಗೆ ಗೊತ್ತಿರ್ಲಿಲ್ವಾ?"

ಅವನನ್ನು ಬೈದು ಏನು ಪ್ರಯೋಜನ? ನೆಂಟರು ಬರುತ್ತಾರೆಂದರೆ ಮನೆ ಗುಡಿಸಿ ಸಾರಿಸದವರು ಯಾರಿದ್ದಾರೆ? ನಾಳೆ ಬರುತ್ತೇನೆಂದು ಮನೆಮನೆಗೆ ಹೇಳಿ ಬಂದವರು ನಂದಿತಾ ತಾನೇ! ಇಷ್ಟು ವರ್ಷ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ್ದಾಯಿತು.

ಮಾರನೆಯ ಬೆಳಿಗ್ಗೆ, ಜನ್ಮದಲ್ಲೇ ಮೊದಲ ಬಾರಿಗೆ, ಹೇಳದೆ ಹೋಗಿ ಒಂದು ತರಗತಿಯ ಕಿಟಕಿಯ ಬಳಿ ನಿಂತರು. ಮೇಷ್ಟ್ರು ನೋಟ್ಸ್ ಬರೆಸುತ್ತಿದ್ದರು. ಮಕ್ಕಳು ತಲೆ ಬಗ್ಗಿಸಿ ಗೀಚುತ್ತಿದ್ದರು. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಕಿಟಕಿಯತ್ತ ನೋಡಿ ಪಕ್ಕದವಳನ್ನು ತಿವಿದಳು. ಕಣ್ಣು ಮುಚ್ಚಿ ತೆರೆಯುವುದರೊಳಗೆ ಇಡೀ ತರಗತಿ ಜೋಡಿ ಜೋಡಿಯಾಗಿ ತಿರುಗಿ ಮಾತಾಡತೊಡಗಿತು. "ಬನ್ನಿ ಮೇಡಂ, ಬನ್ನಿ," ಎಂದು ಮೇಷ್ಟ್ರು ನಕ್ಕರು.

ಅಲ್ಲಿಂದ ನೇರವಾಗಿ ಪ್ರಿನ್ಸಿಪಾಲ್ ಮಧುಸೂದನ್ ಅವರ ಕೋಣೆಗೆ ಹೋದರು.

"ನಾನು ನೋಡಿದ್ದೆಲ್ಲಾ ನಾಟಕ ಸಾರ್. ಇದು ಕೆಲಸ ಮಾಡುತ್ತೋ ಇಲ್ವೋ ನಂಗೇ ಗೊತ್ತಿಲ್ಲ. ಬೇರೆ ಕಾಲೇಜುಗಳಿಗೆ ತರೋದನ್ನ ನಿಲ್ಲಿಸ್ಬಿಡಿ."

ಮಧುಸೂದನ್ ಎದ್ದು ಬಾಗಿಲು ಹಾಕಿದರು. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. "ಎಲ್ಲಾ ಕಡೆ ಹೀಗೇ ಮೇಡಂ. ಈ ವಯಸ್ಸಲ್ಲಿ ನಿಮ್ಮ ಹೆಸರು, ಕಾಲೇಜಿನ ಹೆಸರು ಯಾಕೆ ಕೆಡಿಸ್ಕೋತೀರಿ? ಮುಂದಿನ ವಾರ ಸನ್ಮಾನ ಇದೆ. ಬಂದು ಶಾಲು ಹೊದಿಸ್ಕೊಂಡು ಹೋಗಿ, ಸಾಕು. ಅರ್ಥ ಆಯ್ತಾ?"

ಇಲ್ಲ ಅನ್ನಬೇಕೆಂದೇ ನಂದಿತಾ ಬಾಯಿ ತೆರೆದರು.

"ಆಯ್ತು ಸಾರ್," ಅಂದರು.