ಗುಂಡ್ಯಾನನ್ನು ಕರೆದ ಕೈ

ಇಂಥದ್ದನ್ನೆಲ್ಲ ನಾನು ನಂಬಿದವಳಲ್ಲ. ಯಾರಾದರೂ ಹುಣಸೆಮರದ ದೆವ್ವದ ಸುದ್ದಿ ತೆಗೆದರೆ ನಕ್ಕು ಎದ್ದುಹೋಗುತ್ತಿದ್ದೆ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳೆಂಬ ಜಂಬವೂ ಸ್ವಲ್ಪ ಇತ್ತೆನ್ನಿ. ದೆವ್ವಗಳನ್ನು ಈಗಲೂ ನಂಬುವುದಿಲ್ಲ. ಆದರೆ ತೊಂಬತ್ತರ ದಶಕದ ಕೊನೆಗೆ ಒಂದು ಬೇಸಿಗೆಯ ಮಧ್ಯಾಹ್ನ ನಮ್ಮ ಮನೆಯಲ್ಲಿ ನಡೆದದ್ದನ್ನು ನಕ್ಕು ತಳ್ಳಿಹಾಕಲು ನನ್ನಿಂದ ಆಗಿಲ್ಲ.

ಬೈಲಹೊಂಗಲದ ಅಂಚಿನಲ್ಲಿ ನಮ್ಮ ಮನೆ. ಹಿತ್ತಲ ಕಲ್ಲುಗೋಡೆ ದಾಟಿದರೆ ಹೊಲ. ಅಲ್ಲಿಂದ ಇಲಿ ಬರುತ್ತಿದ್ದವು, ಇಲಿಯ ಹಿಂದೆ ಹಾವು. ನಮ್ಮ ಮೊದಲಿನ ನಾಯಿ ನಾಗರಹಾವಿನ ಮೇಲೆ ಎರಗಿ ಸತ್ತಿತ್ತು. ಅಂದು ನಾವೆಲ್ಲ ಸುತ್ತ ನಿಂತು ಕೂಗಿದ್ದು, ಹುರಿದುಂಬಿಸಿದಂತೆ ಕೇಳಿತೋ ಏನೋ, ಅದು ಇನ್ನಷ್ಟು ಮುನ್ನುಗ್ಗಿತು. ಆಮೇಲೆ ಗುಂಡ್ಯಾ ಎಂಬ ನಾಯಿಮರಿ ಬಂದಾಗ ನಮ್ಮ ಅತ್ತೆ ಸಗಣಿಯ ಕುಳ್ಳಿನ ರಾಶಿಯನ್ನು ಗೋಡೆಯಿಂದ ದೂರ ಹಾಕಿಸಿದರು, ಇಲಿಯ ಬಿಲ ಮುಚ್ಚಿಸಿದರು. ಜೊತೆಗೆ ತಮ್ಮದೇ ಒಂದು ಉಪಾಯ ಹೂಡಿದರು. ಹೊತ್ತಲ್ಲದ ಹೊತ್ತಿನಲ್ಲಿ, ಹಿಟ್ಟು ನಾದುವ ಪರಾತದ ಮೇಲೆ ಬರಿಗೈಯಿಂದ ರೊಟ್ಟಿ ಬಡಿದಂತೆ ಪಟಪಟ ಬಡಿಯುವರು. ಗುಂಡ್ಯಾ ಎಲ್ಲಿದ್ದರೂ ಓಡಿಬಂದರೆ ರೊಟ್ಟಿಯ ಚೂರು.

"ಹುಳಾ ಕಂಡಾಗ ನಾವು ಹೊಯ್ಕೊಂಡ್ರ ನಾಯಿ ಬರೂದಿಲ್ಲ. ರೊಟ್ಟಿ ಸಪ್ಪಳಾ ಕೇಳಿದ್ರ ಬರತೈತಿ," ಎನ್ನುವರು. ಹಾವೆಂಬ ಮಾತನ್ನು ಅವರು ಬಾಯಿಬಿಟ್ಟು ಆಡುತ್ತಿರಲಿಲ್ಲ.

ನಾನೂ ಬಡಿದು ನೋಡಿದ್ದೆ. ಗುಂಡ್ಯಾ ಒಂದು ಕಿವಿ ಎತ್ತಿ, ಮತ್ತೆ ಮಲಗುತ್ತಿದ್ದ. "ನಿಂದು ಛಡಿ ಹಿಡಿಯೂ ಕೈ. ಅದಕ್ಕ ಗೊತ್ತಾಗತೈತಿ ನೋಡವಾ," ಎಂದು ಅತ್ತೆ ನಗುತ್ತಿದ್ದರು. ನನಗೆ ಹೊಟ್ಟೆಕಿಚ್ಚು.

ಆ ಬೇಸಿಗೆಯ ದಿನ ಅತ್ತೆ ಮುನವಳ್ಳಿಗೆ, ತಂಗಿಯ ಮೊಮ್ಮಗಳ ತೊಟ್ಟಿಲ ಕಾರ್ಯಕ್ಕೆ ಹೋಗಿದ್ದರು. ಮನೆಯಲ್ಲಿ ನಾನೊಬ್ಬಳೇ. ಒಣಗಿದ ಬಟ್ಟೆ ತೆಗೆಯಲು ಹಿತ್ತಲಿಗೆ ಬಂದರೆ, ಒಗೆಯುವ ಕಲ್ಲಿನ ಹತ್ತಿರ ನಾಗರಹಾವು ಹೆಡೆಯೆತ್ತಿ ನಿಂತಿತ್ತು. ಎದುರಿಗೆ ಗುಂಡ್ಯಾ, ಬೆನ್ನ ಕೂದಲೆಲ್ಲ ನಿಮಿರಿ, ಇನ್ನೇನು ಹಾರಬೇಕು. ಕೂಗಬಾರದೆಂದು ಗೊತ್ತಿತ್ತು. ಒಳಗೆ ಹೋಗಿ ಪರಾತ ಬಡಿಯೋಣವೆಂದರೆ ನನ್ನ ಕೈಗೆ ಅವನು ಬರುವವನಲ್ಲ. ಇವನೂ ಹೋದ ಎಂದುಕೊಂಡೆ.

ಆಗ ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸಪ್ಪಳ ಕೇಳಿತು. ಪಟಪಟ, ನಡುನಡುವೆ ಬಳೆಗಳ ಸದ್ದು. ಅತ್ತೆಯ ಕೈಯೇ. ಗುಂಡ್ಯಾ ಕಿವಿ ತಿರುಗಿಸಿದ, ಹಾವನ್ನು ಬಿಟ್ಟು ನನ್ನ ಪಕ್ಕದಿಂದಲೇ ಒಳಗೆ ಓಡಿದ. ನಾನೂ ಹಿಂದೆಯೇ ಓಡಿ ಬಾಗಿಲು ಹಾಕಿಕೊಂಡೆ.

ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ. ಒಲೆ ತಣ್ಣಗಿತ್ತು. ಬೆಳಿಗ್ಗೆ ತೊಳೆದ ಪರಾತ ಗೋಡೆಗೆ ಒರಗಿಸಿಟ್ಟಂತೆಯೇ ಇತ್ತು. ಮುಂಬಾಗಿಲಿಗೆ ಒಳಗಿನಿಂದ ಹಾಕಿದ ಚಿಲಕವೂ ಹಾಗೆಯೇ. ಗುಂಡ್ಯಾ ಮಾತ್ರ ಅತ್ತೆ ಕೂರುವ ಮಣೆಯ ಮುಂದೆ ನಿಂತು ಬಾಲ ಅಲ್ಲಾಡಿಸುತ್ತಿದ್ದ. ಅವನ ಕುತ್ತಿಗೆ ಅಪ್ಪಿಕೊಂಡು ಅತ್ತುಬಿಟ್ಟೆ. ಕಿಟಕಿಯಿಂದ ನೋಡಿದಾಗ ಹಾವು ನಿಧಾನವಾಗಿ ಗೋಡೆ ದಾಟಿ ಹೊಲದ ಕಡೆ ಹೋಗುತ್ತಿತ್ತು.

ಪಕ್ಕದ ಮನೆಯ ಸಪ್ಪಳವಿರಬೇಕೆಂದು ಸಮಾಧಾನ ಹೇಳಿಕೊಳ್ಳಲು ನೋಡಿದೆ. ಅವರೆಲ್ಲ ಬೆಳಿಗ್ಗೆಯೇ ಬೀಗ ಹಾಕಿಕೊಂಡು ಸವದತ್ತಿ ಗುಡ್ಡಕ್ಕೆ ಹೋಗಿದ್ದರು.

ಸಂಜೆ ಬಸ್ಸಿಳಿದು ಬಂದ ಅತ್ತೆಗೆ ಎಲ್ಲ ಹೇಳಿದೆ. ಆ ಹೊತ್ತಿಗೆ ಅವರು ಮುನವಳ್ಳಿಯಲ್ಲಿ ಊಟಕ್ಕೆ ಕುಳಿತಿದ್ದರಂತೆ. ಮನಸ್ಸಿಗೆ ಏನೂ ಹೊಳೆದಿರಲಿಲ್ಲವಂತೆ. ಬೆರಗಾಗುವರೆಂದುಕೊಂಡಿದ್ದೆ. ಅವರು ಗುಂಡ್ಯಾನ ಮೈಯೆಲ್ಲ ತಡವಿ, ಎಲ್ಲೂ ಗಾಯವಿಲ್ಲವೆಂದು ಖಾತ್ರಿ ಮಾಡಿಕೊಂಡು ಕೇಳಿದ್ದು ಬೇರೆಯೇ.

"ಮತ್ತ ಅದಕ್ಕ ರೊಟ್ಟಿ ಕೊಟ್ಟೀಯೋ ಇಲ್ಲೋ?"

ಇಲ್ಲವೆಂದೆ.

"ಕರದು ಬರಿಬಾಯಿಲೆ ಕಳಿಸೀದಿ? ಇನ್ನೊಮ್ಮಿ ಕರದ್ರ ಬಂದೀತೇನು ಅದು?" ಎನ್ನುತ್ತ, ಹೋಗಿಬಂದ ಸೀರೆಯನ್ನೂ ಬದಲಿಸದೆ ಒಲೆ ಹೊತ್ತಿಸಿದರು.

"ಕರದಾಕಿ ನಾ ಅಲ್ರಿ, ಅತ್ತಿ."

"ಯಾರರೆ ಕರೀಲಿ. ಕರದದ್ದು ನಮ್ಮ ಮನ್ಯಾಗಿಂದ ಹೌದಲ್ಲೋ?"

ಗುಂಡ್ಯಾ ಬಿಸಿ ರೊಟ್ಟಿ ತಿಂದು ಮಲಗಿದ. ಕರೆದವರು ಯಾರೆಂಬುದು ನನಗೆ ಇವತ್ತಿಗೂ ತಿಳಿದಿಲ್ಲ.